ಗ್ಯಾಸ್‌ನಿಂದ ಇಂಡಕ್ಷನ್‌ಗೆ ಬಂದಿದ್ದೇವೆ: ಯಾವ ಅಡುಗೆಗೆ ಎಷ್ಟು ಉರಿ ಇಡಬೇಕು?

ಹೊಸ ಒಲೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾವು ಹೊಸ ಬಾಡಿಗೆ ಮನೆಗೆ ಬಂದಿದ್ದೇವೆ. ಗ್ಯಾಸ್ ಕನೆಕ್ಷನ್ ವರ್ಗಾವಣೆ ಇನ್ನೂ ಆಗಿಲ್ಲ. ಹಾಗಾಗಿ ಈಗ ಎಲ್ಲ ಅಡುಗೆಯೂ 2000 ವಾಟ್‌ನ ಒಂದೇ ಇಂಡಕ್ಷನ್ ಒಲೆಯ ಮೇಲೆ. ಗ್ಯಾಸ್‌ನಲ್ಲಾದರೆ ಉರಿ ಕಣ್ಣಿಗೆ ಕಾಣುತ್ತದೆ. ಸ್ವಲ್ಪ ಬಗ್ಗಿ ನೋಡಿದರೆ ಸಿಮ್‌ನಲ್ಲಿದೆಯಾ, ಮೀಡಿಯಂನಲ್ಲಿದೆಯಾ ಅಂತ ತಿಳಿಯುತ್ತದೆ. ಇಲ್ಲಿ ಬರೀ ಅಂಕಿ. 200, 400, 600, ಹೀಗೆ 2000ದವರೆಗೆ. ಜೊತೆಗೆ ದೋಸೆ, ಹಾಲು, ಕರಿ ಅಂತ ಬೇರೆ ಬಟನ್‌ಗಳು.

ಹಾಲು 200ರಲ್ಲಿಟ್ಟರೂ ತಳ ಹಿಡಿಯುತ್ತದೆ. ದೋಸೆ ನಡುವೆ ಕಪ್ಪು, ಅಂಚಿನಲ್ಲಿ ಹಸಿ. ಸಾಸಿವೆ ಸಿಡಿಯುವಷ್ಟರಲ್ಲಿ ಉದ್ದಿನಬೇಳೆ ಸೀದಿರುತ್ತದೆ. ಅನ್ನ, ಸಾರು ಮಾತ್ರ ಚೆನ್ನಾಗಿಯೇ ಆಗುತ್ತಿವೆ. ಅದು ಯಾಕೆ ಅಂತಲೂ ಗೊತ್ತಾಗುತ್ತಿಲ್ಲ. ಸಿಮ್ ಅಂದರೆ ಎಷ್ಟು ವಾಟ್? ಮೀಡಿಯಂ ಅಂದರೆ ಎಷ್ಟು? ಯಾರಾದರೂ ಪಟ್ಟಿ ಮಾಡಿಟ್ಟುಕೊಂಡಿದ್ದರೆ ದಯವಿಟ್ಟು ಹೇಳಿ. ಅತ್ತೆ ಬರುವವರಿದ್ದಾರೆ. ಅವರಿಗೆ ಅಕ್ಕಿ ರೊಟ್ಟಿ ಅಂದರೆ ಪ್ರಾಣ.

ಮೈಸೂರು ಅಡುಗೆಮನೆ (ಮೈಸೂರು)

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಅನ್ನ, ಸಾರು ಕೆಡಲಿಲ್ಲ. ಹಾಲು, ದೋಸೆ, ಒಗ್ಗರಣೆ ಕೆಟ್ಟವು. ವ್ಯತ್ಯಾಸ ಇರುವುದು ನೀರಿನಲ್ಲಿ.

ಪಾತ್ರೆಯಲ್ಲಿ ಓಡಾಡುವಷ್ಟು ನೀರು ಇರುವವರೆಗೆ ಅದರ ಬಿಸಿ ಕುದಿಯುವ ಮಟ್ಟ ದಾಟುವುದಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ನೀವು 800 ವಾಟ್ ಇಡಿ, 2000 ಇಡಿ, ಕುದಿಯುವ ಸಾರಿನ ಬಿಸಿ ಅಷ್ಟೇ. ಜಾಸ್ತಿ ಇಟ್ಟರೆ ಸಾರು ಬೇಗ ಬೇಯುವುದಿಲ್ಲ, ಬೇಗ ಬತ್ತುತ್ತದೆ. ಬೇಳೆಗೆ, ತರಕಾರಿಗೆ ಬೇಕಾಗಿರುವುದು ಆ ಬಿಸಿಯಲ್ಲಿ ಇಷ್ಟು ಹೊತ್ತು ಇರುವುದು. ಕೊತಕೊತ ಕುದಿದರೂ ಒಂದೇ, ಒಂದೊಂದೇ ಗುಳ್ಳೆ ಎದ್ದರೂ ಹೆಚ್ಚುಕಡಿಮೆ ಒಂದೇ.

ಎಣ್ಣೆಯ ವಿಷಯ ಹಾಗಲ್ಲ. ಎಣ್ಣೆಗೆ ಆ ತಡೆ ಇಲ್ಲ. ಶಾಖ ಕೊಟ್ಟಷ್ಟೂ ಅದು 150, 200, 230 ಡಿಗ್ರಿ ಅಂತ ಏರುತ್ತಲೇ ಹೋಗುತ್ತದೆ, ಕೊನೆಗೆ ಹೊಗೆ ಬರುತ್ತದೆ. ಬರೀ ತವಾನೂ ಹಾಗೆಯೇ. ಆದ್ದರಿಂದ ಒಲೆಯ ಅಂಕಿ ಮುಟ್ಟುವ ಮೊದಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಪಾತ್ರೆಯಲ್ಲಿ ಈಗ ಇರುವುದು ನೀರಾ, ಎಣ್ಣೆಯಾ, ಎರಡೂ ಇಲ್ಲವಾ? ನೀರಿದ್ದರೆ ಧೈರ್ಯವಾಗಿ ಜಾಸ್ತಿ ಇಡಿ, ಕುದಿ ಬಂದ ಮೇಲೆ ಇಳಿಸಿ. ಎಣ್ಣೆ ಅಥವಾ ಒಣ ಪಾತ್ರೆಯಾದರೆ ಕಡಿಮೆಯಿಂದ ಶುರು ಮಾಡಿ ಮೇಲೆ ಹೋಗಿ.

ಒಗ್ಗರಣೆ ಯಾಕೆ ಸೀಯುತ್ತದೆ ನೋಡಿ. ಪುಟ್ಟ ಸ್ಟೀಲ್ ಪಾತ್ರೆ, ಅದರಲ್ಲಿ ಒಂದು ಚಮಚ ಎಣ್ಣೆ. ಇವೆರಡನ್ನೂ ಸಾಸಿವೆ ಸಿಡಿಯುವ ಬಿಸಿಗೆ ತರಲು 1600 ವಾಟ್‌ಗೆ ಅರ್ಧ ನಿಮಿಷವೂ ಬೇಡ. ಅಷ್ಟರಲ್ಲಿ ನೀವು ಕರಿಬೇವಿಗೆ ಕೈ ಹಾಕಿರುವುದಿಲ್ಲ. 600ಕ್ಕೆ ಇಟ್ಟರೆ ಒಂದು ನಿಮಿಷದ ಹತ್ತಿರ ಸಿಗುತ್ತದೆ, ಕೈಗೆ ಬೇಕಾದಷ್ಟು ಹೊತ್ತು. ಸಾಸಿವೆ ಚಟಪಟ ಅಂದ ತಕ್ಷಣ ಒಲೆ ಆಫ್ ಮಾಡಿ. ಆಮೇಲೆ ಉದ್ದಿನಬೇಳೆ, ಮೆಣಸಿನಕಾಯಿ, ಇಂಗು, ಕೊನೆಗೆ ಕರಿಬೇವು. ಉಳಿದ ಬಿಸಿಯೇ ಅವಕ್ಕೆ ಸಾಕು. ಇಂಗು ಒಲೆ ಉರಿಯುತ್ತಿರುವಾಗ ಹಾಕುವ ವಸ್ತುವೇ ಅಲ್ಲ.

ಹೊಸ ಒಲೆ (ಬೆಂಗಳೂರು)

ಇದು ತುಂಬಾ ಉಪಯೋಗ ಆಯಿತು ಮೇಡಂ. ಆದರೆ ಹಾಲಿನಲ್ಲಿ ನೀರೇ ಜಾಸ್ತಿ ಅಲ್ವಾ? ಅದು ಯಾಕೆ ತಳ ಹಿಡಿಯಬೇಕು? ಅದೂ 200ರಲ್ಲಿ!

ರಿಪೇರಿ ಅಂಗಡಿ (ತುಮಕೂರು)

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಇಂಡಕ್ಷನ್ ಒಲೆಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಕೆಲಸ.

ನಮ್ಮಲ್ಲಿ ಸಿಗುವ ಸಾಮಾನ್ಯ ಒಲೆಗಳಲ್ಲಿ 200 ಅಂತ ಇಟ್ಟರೆ ಒಂದೇ ಸಮ 200 ವಾಟ್ ಬರುವುದಿಲ್ಲ. ಒಳಗಿನ ಸರ್ಕ್ಯೂಟ್‌ಗೆ ಅಷ್ಟು ಕೆಳಗೆ ನಿಂತು ಕೆಲಸ ಮಾಡಲು ಆಗುವುದಿಲ್ಲ. ಅದು ಕೆಲವು ಸೆಕೆಂಡ್ 800 ಅಥವಾ 1000 ವಾಟ್ ಕೊಡುತ್ತದೆ, ಆಮೇಲೆ ಕೆಲವು ಸೆಕೆಂಡ್ ಪೂರ್ತಿ ನಿಲ್ಲುತ್ತದೆ. ಸರಾಸರಿ ತೆಗೆದರೆ 200. ಪಾತ್ರೆಯಲ್ಲಿ ನೀರು ಹಾಕಿ 200ಕ್ಕೆ ಇಟ್ಟು ಕಿವಿ ಕೊಡಿ. ಗುಂಯ್ ಅಂತ ಬರುವುದು, ನಿಲ್ಲುವುದು, ಮತ್ತೆ ಬರುವುದು ಕೇಳಿಸುತ್ತದೆ. ಗುಳ್ಳೆಗಳೂ ಹಾಗೆಯೇ ಎದ್ದು ನಿಲ್ಲುತ್ತವೆ.

ಸಾರಿಗೆ ಇದರಿಂದ ತೊಂದರೆ ಇಲ್ಲ. ಹಾಲಿಗೆ ಇದೆ. ಹಾಲಿನಲ್ಲಿರುವ ಪ್ರೋಟೀನ್ 70 ಡಿಗ್ರಿ ದಾಟಿದರೆ ಗಟ್ಟಿಯಾಗಿ ತಳಕ್ಕೆ ಅಂಟಲು ಶುರುವಾಗುತ್ತದೆ. ತೆಳು ತಳದ ಪಾತ್ರೆಗೆ ಆ 1000 ವಾಟ್ ಹೊಡೆತ ಬಿದ್ದಾಗ ಆ ಅಂಟಿದ ಪದರ ಸೀಯುತ್ತದೆ. ಮೇಲಿನ ಹಾಲು ಇನ್ನೂ ಉಗುರುಬೆಚ್ಚಗೆ ಇರಬಹುದು, ತಳ ಆಗಲೇ ಕಂದು.

ಪರಿಹಾರ ಅಂಕಿಯಲ್ಲಿ ಇಲ್ಲ, ಪಾತ್ರೆಯಲ್ಲಿ ಇದೆ. ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ಎರಡು ಸ್ಟೀಲ್ ಪದರದ ನಡುವೆ ಅಲ್ಯೂಮಿನಿಯಂ ಇಟ್ಟ ತಳವಿದ್ದರೆ ಒಳ್ಳೆಯದು. ಅಲ್ಯೂಮಿನಿಯಂ ಸ್ಟೀಲ್‌ಗಿಂತ ಹತ್ತು ಪಟ್ಟಿಗಿಂತ ಜಾಸ್ತಿ ಚೆನ್ನಾಗಿ ಶಾಖ ಹರಡುತ್ತದೆ. ಹೊಡೆತ ಒಂದೇ ಜಾಗಕ್ಕೆ ಬೀಳುವುದಿಲ್ಲ.

ಮೈಸೂರು ಅಡುಗೆಮನೆ (ಮೈಸೂರು)

ಸರಿಯಾಗಿ ಹೇಳಿದಿರಿ ಸರ್. ಇದಕ್ಕೆ ಎರಡು ಹಳೆಯ ಅಭ್ಯಾಸ ಸೇರಿಸುತ್ತೇನೆ. ಹಾಲು ಹಾಕುವ ಮೊದಲು ಪಾತ್ರೆಯನ್ನು ತಣ್ಣೀರಿನಲ್ಲಿ ತೊಳೆದು, ಒರೆಸದೆ, ಹಾಗೆಯೇ ಹಾಲು ಸುರಿಯಿರಿ. ಮತ್ತೆ ಬಿಸಿಯಾಗುವಾಗ ಸೌಟಿನಲ್ಲಿ ತಳ ಸವರುತ್ತಾ ಇರಿ. ನಾನು 800ರಲ್ಲಿ ಕಾಯಿಸುತ್ತೇನೆ, ಅಂಚಿನಲ್ಲಿ ಗುಳ್ಳೆ ಕಾಣಿಸಿದಾಗ 400ಕ್ಕೆ ಇಳಿಸುತ್ತೇನೆ. ಉಕ್ಕುವುದು ಕೆನೆ ಮುಚ್ಚಿ ಆವಿ ಸಿಕ್ಕಿಹಾಕಿಕೊಳ್ಳುವುದರಿಂದ. ಕೆನೆ ಕೂರಲು ಬಿಡದೆ ಕದಡುತ್ತಿದ್ದರೆ ಉಕ್ಕುವುದೂ ಕಡಿಮೆ.

ಒಂದು ಅನುಕೂಲವನ್ನೂ ಹೇಳಲೇಬೇಕು. ಉಕ್ಕಿ ಬರುತ್ತಿರುವಾಗ ಆಫ್ ಒತ್ತಿದರೆ ಇಂಡಕ್ಷನ್‌ನಲ್ಲಿ ಹಾಲು ತಕ್ಷಣ ಕೂರುತ್ತದೆ. ಗ್ಯಾಸ್‌ನಲ್ಲಿ ಕಬ್ಬಿಣದ ಸ್ಟ್ಯಾಂಡ್ ಕೂಡ ಕಾದಿರುವುದರಿಂದ ಅಷ್ಟು ಬೇಗ ಇಳಿಯುವುದಿಲ್ಲ.

ಕರಾವಳಿ ಕಾವಲಿ (ಉಡುಪಿ)

ದೋಸೆಯ ವಿಷಯ ಯಾರೂ ಮುಟ್ಟಲಿಲ್ಲ. ನಾನು ಮುಟ್ಟುತ್ತೇನೆ.

ನಡುವೆ ಕಪ್ಪು, ಅಂಚು ಹಸಿ ಆಗುವುದಕ್ಕೆ ಕಾರಣ ಒಲೆಯ ಸುರುಳಿ. ಗಾಜಿನ ಕೆಳಗಿರುವ ತಾಮ್ರದ ಸುರುಳಿ ನಿಮ್ಮ ತವಾಕ್ಕಿಂತ ಚಿಕ್ಕದು. ಸುರುಳಿಯ ಮೇಲಿರುವ ಭಾಗ ಮಾತ್ರ ನೇರವಾಗಿ ಕಾಯುತ್ತದೆ. ಉಳಿದದ್ದು ಲೋಹದ ಮೂಲಕ ಹರಡಬೇಕು. ಎರಕದ ಕಬ್ಬಿಣದ ಕಾವಲಿ ಬಿಸಿಯನ್ನು ತುಂಬಾ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಹರಡುವುದು ನಿಧಾನ. ಗ್ಯಾಸ್‌ನಲ್ಲಿ ಉರಿ ಅಂಚಿನವರೆಗೂ ಸವರಿಕೊಂಡು ಹೋಗುತ್ತದೆ, ಅದಕ್ಕೇ ಅಲ್ಲಿ ಗೊತ್ತಾಗುವುದಿಲ್ಲ.

ಹಾಗಾಗಿ ಕಾವಲಿ ಕಾಯಿಸುವಾಗ ಆತುರ ಬೇಡ. 600ರಲ್ಲಿ ಇಟ್ಟು ಐದಾರು ನಿಮಿಷ ಬಿಡಿ. ಅಂಚಿಗೂ ಬಿಸಿ ಹೋಗಲಿ. 2000ಕ್ಕೆ ಇಟ್ಟು ಒಂದು ನಿಮಿಷದಲ್ಲಿ ಕಾಯಿಸಿದರೆ ನಡುಭಾಗ ಮಾತ್ರ ಉಬ್ಬಿ, ತೆಳು ಕಾವಲಿ ಡೊಂಕಾಗುತ್ತದೆ. ಎರಕದ್ದಾದರೆ ಬಿರುಕು ಬಿಡುವ ಅಪಾಯವೂ ಇದೆ. ಆಮೇಲೆ ಗಾಜಿನ ಮೇಲೆ ಸಮನಾಗಿ ಕೂರುವುದೇ ಇಲ್ಲ.

ಕಾದಿದೆಯಾ ಅಂತ ನೋಡಲು ನೀರು ಚಿಮುಕಿಸಿ. ನೀರು ಸುಮ್ನೆ ಕೂತು ಆವಿ ಬಿಟ್ಟರೆ ಇನ್ನೂ ಬೇಕು. ಚುಂಯ್ ಅಂದು ತಕ್ಷಣ ಆರಿದರೆ ಉದ್ದಿನ ದೋಸೆಗೆ ಹದ. ಹನಿಗಳು ಉಂಡೆಯಾಗಿ ಕಾವಲಿ ತುಂಬಾ ಓಡಾಡಿದರೆ ಬಿಸಿ ಜಾಸ್ತಿ. ಆ ಹಂತದಲ್ಲಿ ಹನಿಯ ಕೆಳಗೆ ಆವಿಯ ಪದರ ಎದ್ದು, ನೀರು ಲೋಹವನ್ನು ಮುಟ್ಟುವುದೇ ಇಲ್ಲ. ಸುಮಾರು 200 ಡಿಗ್ರಿಗೆ ಹೀಗಾಗುತ್ತದೆ. ಅಂಥ ಕಾವಲಿಯ ಮೇಲೆ ಹಿಟ್ಟು ಹಾಕಿ ಸೌಟು ತಿರುಗಿಸಿದರೆ ಹಿಟ್ಟು ಸೌಟಿನ ಜೊತೆಗೇ ಎದ್ದು ಬರುತ್ತದೆ. ಬಿಸಿ ಇಳಿಸಿ, ನೀರು ಚಿಮುಕಿಸಿ, ಬಟ್ಟೆಯಲ್ಲೋ ಅರ್ಧ ಈರುಳ್ಳಿಯಲ್ಲೋ ಒರೆಸಿ, ಆಮೇಲೆ ಹಿಟ್ಟು ಹಾಕಿ. ಹರಡಿದ ಮೇಲೆ 1000ಕ್ಕೆ ಏರಿಸಿ. ಗರಿಗರಿ ಬರುವುದು ಈ ಏರಿಸುವುದರಿಂದ.

ನೀರು ದೋಸೆಯ ಲೆಕ್ಕ ಬೇರೆ. ಅದಕ್ಕೆ ಕಾವಲಿ ಚೆನ್ನಾಗಿ ಕಾದಿರಬೇಕು. ಹಿಟ್ಟು ಬಿದ್ದ ಕೂಡಲೇ ತೂತು ಬೀಳಬೇಕು. ಸೌಟಿನಲ್ಲಿ ಹರಡುವುದಿಲ್ಲವಲ್ಲ, ಹಾಗಾಗಿ ಹಿಟ್ಟು ಎದ್ದು ಬರುವ ಭಯ ಇಲ್ಲ. 1000ದಿಂದ 1200ರಲ್ಲಿ ಇಟ್ಟು, ಹೊಯ್ದು, ಮುಚ್ಚಿ. ಮಗುಚುವುದು ಬೇಡ.

ಮ್ಯೂನಿಕ್ ಕನ್ನಡತಿ (ಜರ್ಮನಿ)

ನಮ್ಮ ಬಾಡಿಗೆ ಮನೆಯಲ್ಲಿ ಇರುವುದು ಇನ್ನೊಂದು ಬಗೆ. ಗಾಜಿನ ಕೆಳಗೆ ತಂತಿ ಕೆಂಪಗಾಗುವ ಸೆರಾಮಿಕ್ ಒಲೆ. 1ರಿಂದ 9ರವರೆಗೆ ಅಂಕಿ. ಹೊಸದಾಗಿ ಇಲ್ಲಿಗೆ ಬರುವ ಕನ್ನಡದವರು ಇದೇ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಇದರಲ್ಲಿ ಆಫ್ ಮಾಡಿದರೂ ಬಿಸಿ ಹೋಗುವುದಿಲ್ಲ. ಗಾಜು ಕಾದಿರುತ್ತದೆ, ಇಳಿಯಲು ಹಲವು ನಿಮಿಷ ಬೇಕು. 9ರಲ್ಲಿ ಕುದಿಸಿ 2ಕ್ಕೆ ಇಳಿಸಿದರೆ ಸಾರು ಇನ್ನೂ ಉಕ್ಕುತ್ತಲೇ ಇರುತ್ತದೆ. ನಾನು ಎರಡು ಒಲೆ ಒಟ್ಟಿಗೆ ಬಳಸುತ್ತೇನೆ. ಒಂದು 9ರಲ್ಲಿ, ಇನ್ನೊಂದು 2ರಲ್ಲಿ. ಕುದಿ ಬಂದ ಕೂಡಲೇ ಪಾತ್ರೆಯನ್ನೇ ಎತ್ತಿ ಎರಡನೆಯದಕ್ಕೆ ಇಡುತ್ತೇನೆ. ಒಗ್ಗರಣೆಗೂ ಹಾಗೆಯೇ. ಸಾಸಿವೆ ಸಿಡಿದಾಗ ಅಂಕಿ ಇಳಿಸುವುದಲ್ಲ, ಪಾತ್ರೆ ಎತ್ತುವುದು.

ಉಳಿದ ಬಿಸಿಯನ್ನು ಲಾಭಕ್ಕೂ ತಿರುಗಿಸಬಹುದು. ಅನ್ನಕ್ಕೆ ನೀರು ಇಂಗಿ ಮೇಲೆ ತೂತು ಕಂಡಾಗ ಒಲೆ ಆಫ್ ಮಾಡಿ, ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಅನ್ನ ಅರಳಿರುತ್ತದೆ.

ಇನ್ನು ಅಂಕಿಗಳ ಬಗ್ಗೆ. 9ರಲ್ಲಿ ಅರ್ಧ ನಾಲ್ಕೂವರೆ ಅಂತ ಲೆಕ್ಕ ಹಾಕಬೇಡಿ. ಇಲ್ಲಿಯ ಎಷ್ಟೋ ಒಲೆಗಳಲ್ಲಿ 5 ಅಂದರೆ ಅರ್ಧ ಶಕ್ತಿಗಿಂತ ಕಡಿಮೆ. 7ರಿಂದ 9ಕ್ಕೆ ಹೋಗುವಾಗ ದೊಡ್ಡ ಜಿಗಿತ ಇರುತ್ತದೆ. 1ರಿಂದ 3ರವರೆಗೆ ಬಿಸಿಯಾಗಿ ಇಡಲು, ಸಣ್ಣ ಕುದಿಗೆ. 4, 5 ಪಲ್ಯಕ್ಕೆ, ಈರುಳ್ಳಿ ಬಾಡಿಸಲು. 6, 7 ದೋಸೆ, ಚಪಾತಿಗೆ. 8, 9 ನೀರು ಕುದಿಸಲು ಮಾತ್ರ. ಅಕ್ಕಪಕ್ಕದ ಗೆಳತಿಯರ ಮನೆಯಲ್ಲಿ ಇಂಡಕ್ಷನ್ ಹಾಬ್ ಇದ್ದರೆ 9ರ ಮೇಲೆ ಬೂಸ್ಟ್ ಅಂತ ಇನ್ನೊಂದು ಇರುತ್ತದೆ. ಅದನ್ನು ಎಣ್ಣೆ ಇರುವ ಪಾತ್ರೆಗೆ ಎಂದೂ ಬಳಸಬೇಡಿ. ಒಂದು ಕಡೆ ಬೂಸ್ಟ್ ಹಾಕಿದರೆ ಪಕ್ಕದ ಒಲೆಯ ಶಕ್ತಿ ತಾನಾಗಿ ಇಳಿಯುವುದೂ ಉಂಟು.

ಪೀಜಿ ಹುಡುಗ (ಬೆಂಗಳೂರು)

ಅಕ್ಕಂದಿರೇ, ಅಣ್ಣಂದಿರೇ, ನನ್ನದು ಸಣ್ಣ ಪ್ರಶ್ನೆ. ನನ್ನ ಒಲೆಯಲ್ಲಿ ಟೆಂಪರೇಚರ್ ಮೋಡ್ ಇದೆ. 180 ಅಂತ ಇಟ್ಟರೆ ಎಣ್ಣೆ 180ರಲ್ಲೇ ನಿಲ್ಲುತ್ತದೆ ಅಲ್ವಾ? ಹಾಗಿದ್ದರೆ ವಾಟ್ ಲೆಕ್ಕ ಯಾಕೆ? ಬೋಂಡಾಕ್ಕೆ 180 ಅಂತ ಎಲ್ಲ ಕಡೆ ಹೇಳುತ್ತಾರೆ.

ರಿಪೇರಿ ಅಂಗಡಿ (ತುಮಕೂರು)

ನಿಲ್ಲುವುದಿಲ್ಲ ತಮ್ಮ. ಶಾಖ ಅಳೆಯುವ ಸೆನ್ಸರ್ ಇರುವುದು ಗಾಜಿನ ಕೆಳಗೆ, ನಡುವಿನಲ್ಲಿ. ಅದಕ್ಕೆ ಗೊತ್ತಾಗುವುದು ಗಾಜಿನ ಬಿಸಿ. ಪಾತ್ರೆ ಕಾದು, ಆ ಬಿಸಿ ಗಾಜಿಗೆ ಇಳಿದು, ಗಾಜು ದಾಟಿ ಸೆನ್ಸರ್ ಮುಟ್ಟಲು ಹೊತ್ತು ಬೇಕು. ಎಣ್ಣೆ ಸ್ವಲ್ಪ ಇದ್ದರೆ ಅಷ್ಟರಲ್ಲಿ ಅದು 180 ದಾಟಿರುತ್ತದೆ. ಜಾಸ್ತಿ ಇದ್ದರೆ ಸೆನ್ಸರ್ 180 ಅಂತ ನಿಲ್ಲಿಸಿದಾಗ ಎಣ್ಣೆ ಇನ್ನೂ ಅಲ್ಲಿಗೆ ಬಂದಿರುವುದಿಲ್ಲ. ಪಾತ್ರೆಯ ತಳ ಸ್ವಲ್ಪ ಡೊಂಕಿದ್ದರೆ ಲೆಕ್ಕ ಇನ್ನೂ ತಪ್ಪುತ್ತದೆ. ದೋಸೆ, ಹಾಲು ಅಂತ ಇರುವ ಬಟನ್‌ಗಳೂ ಯಾವುದೋ ವಾಟ್, ಯಾವುದೋ ಶಾಖ, ಯಾವುದೋ ಟೈಮರ್ ಸೇರಿಸಿ ಕಂಪನಿಯವರು ಮೊದಲೇ ತುಂಬಿಟ್ಟಿರುವುದು. ನಿಮ್ಮ ಪಾತ್ರೆ ಎಂಥದ್ದು, ಹಿಟ್ಟು ಎಷ್ಟು ಅಂತ ಅದಕ್ಕೆ ತಿಳಿಯದು.

ಇನ್ನೊಂದು ಮುಖ್ಯ ವಿಷಯ. ಪೀಜಿ ಕೋಣೆಯಲ್ಲಿ ಒಲೆಯನ್ನು ಯಾವ ಸಾಕೆಟ್‌ಗೆ ಹಾಕಿದ್ದೀಯ? 2000 ವಾಟ್ ಅಂದರೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್. ಸಣ್ಣ ಸಾಕೆಟ್ ಇರುವುದು 6 ಆಂಪಿಯರ್‌ಗೆ. ಫೋನ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿದರೆ ವೈರ್ ಕಾದು ಪ್ಲಗ್ ಕರಗುತ್ತದೆ. ದೊಡ್ಡ 16 ಆಂಪಿಯರ್ ಸಾಕೆಟ್ ಬೇಕೇ ಬೇಕು. ಸಣ್ಣದು ಮಾತ್ರ ಇದ್ದರೆ ಈ ಒಲೆಯನ್ನು ಅದಕ್ಕೆ ಹಾಕಲೇಬೇಡ. ಮಾಲೀಕರಿಗೆ ಹೇಳಿ ಸರಿಯಾದ ಲೈನ್ ಎಳೆಸು. ಹಾಗೆಯೇ ಒಲೆಯ ಹಿಂದೆ, ಕೆಳಗೆ ಗಾಳಿ ಆಡಲು ಜಾಗ ಬಿಡು. ಕೆಳಗೆ ಪೇಪರ್ ಹಾಸಿದರೆ ಫ್ಯಾನ್ ಅದನ್ನು ಎಳೆದುಕೊಳ್ಳುತ್ತದೆ.

ಮೈಸೂರು ಅಡುಗೆಮನೆ (ಮೈಸೂರು)

ಕರಿಯುವುದಕ್ಕೆ ನಾನು ಟೆಂಪರೇಚರ್ ಬಟನ್ ಮುಟ್ಟುವುದೇ ಇಲ್ಲ. ಚೂರು ಹಿಟ್ಟು ಎಣ್ಣೆಗೆ ಬಿಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಕಾದಿಲ್ಲ. ತಳ ಮುಟ್ಟಿ ನಿಧಾನವಾಗಿ ಮೇಲೆ ಬಂದರೆ ಚಕ್ಕಲಿ, ಕೋಡುಬಳೆಗೆ ಸರಿ. ಬಿದ್ದ ಕೂಡಲೇ ಎದ್ದು ಬಂದರೆ ಬೋಂಡಾ, ಬಜ್ಜಿಗೆ ಸರಿ. ಪೂರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಎಣ್ಣೆ ಚೆನ್ನಾಗಿ ಕಾದಿರದಿದ್ದರೆ ಪೂರಿ ಉಬ್ಬುವುದಿಲ್ಲ, ಎಣ್ಣೆ ಕುಡಿಯುತ್ತದೆ.

ಯಾಕೆ ಈ ವ್ಯತ್ಯಾಸ ಅಂದರೆ, ಚಕ್ಕಲಿಯೊಳಗಿನ ನೀರೆಲ್ಲ ಹೊರಗೆ ಹೋಗಬೇಕು. ಅದಕ್ಕೆ ಹೊತ್ತು ಬೇಕು. ಎಣ್ಣೆ ಜಾಸ್ತಿ ಕಾದಿದ್ದರೆ ಹೊರಗೆ ಕೆಂಪಗಾಗಿ ಒಳಗೆ ಮೆತ್ತಗೆ ಉಳಿಯುತ್ತದೆ, ಮಾರನೆಯ ದಿನಕ್ಕೆ ಡಬ್ಬಿಯಲ್ಲಿ ಸಪ್ಪಗಾಗುತ್ತದೆ. ಎಣ್ಣೆಯಲ್ಲಿ ಗುಳ್ಳೆ ನಿಂತಾಗ ನೀರು ಹೋಗಿದೆ ಅಂತ ಅರ್ಥ, ಆಗ ತೆಗೆಯಿರಿ.

ಒಂದು ಸಲಕ್ಕೆ ತುಂಬಾ ಹಾಕಬೇಡಿ. ತಣ್ಣಗಿನ ಹಿಟ್ಟು ಬಿದ್ದಾಗ ಎಣ್ಣೆಯ ಬಿಸಿ ಇಳಿಯುತ್ತದೆ. ಹಿಟ್ಟು ಬಿಡುವ ಮೊದಲು 1000ದಲ್ಲಿದ್ದರೆ, ಬಿಟ್ಟ ಮೇಲೆ 1400ಕ್ಕೆ ಏರಿಸಿ, ಗುಳ್ಳೆ ಕಡಿಮೆಯಾಗುತ್ತಾ ಬಂದಾಗ ಮತ್ತೆ ಇಳಿಸಿ. ಕೊನೆಯ ಒಬ್ಬೆ ತೆಗೆದ ಕೂಡಲೇ ಮೊದಲು ಆಫ್. ಉರಿ ಕಾಣದ ಒಲೆ ಇದು, ಎಣ್ಣೆ ಇಟ್ಟು ಫೋನ್ ಎತ್ತಲು ಆಚೆ ಹೋಗಬಾರದು.

ಹೊಸ ಒಲೆ (ಬೆಂಗಳೂರು)

ದೋಸೆ ಈಗ ಸುಧಾರಿಸಿದೆ, ಕರಾವಳಿಯವರಿಗೆ ವಂದನೆ. ಇನ್ನೊಂದು. ಕುಕ್ಕರ್‌ನಲ್ಲಿ ತೊಗರಿಬೇಳೆ ಗ್ಯಾಸ್‌ನಲ್ಲಿ ಮೂರು ವಿಷಲ್‌ಗೆ ನುಣ್ಣಗೆ ಬೇಯುತ್ತಿತ್ತು. ಇಲ್ಲಿ ಮೂರು ಅಲ್ಲ, ಐದು ಆದರೂ ಗಟ್ಟಿ ಗಟ್ಟಿ. ಬೇಳೆ ಅದೇ, ಕುಕ್ಕರ್ ಅದೇ.

ಮಂಡ್ಯ ಮುದ್ದೆ (ಮಂಡ್ಯ)

ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ವಿಷಲ್ ಎಣಿಸುವುದನ್ನು ಬಿಡಿ. 2000ದಲ್ಲಿ ಇಟ್ಟರೆ ಒಂದರ ಹಿಂದೆ ಒಂದು ವಿಷಲ್ ಬರುತ್ತದೆ. ಮೂರು ವಿಷಲ್ ಎರಡು ನಿಮಿಷದಲ್ಲಿ ಮುಗಿದರೆ ಬೇಳೆ ಬೇಯುವುದಕ್ಕೆ ಸಿಕ್ಕಿದ್ದು ಎರಡೇ ನಿಮಿಷ. ಗ್ಯಾಸ್‌ನಲ್ಲಿ ಅದೇ ಮೂರು ವಿಷಲ್‌ಗೆ ಎಂಟು ಹತ್ತು ನಿಮಿಷ ಹಿಡಿಯುತ್ತಿತ್ತು. ಮೊದಲ ವಿಷಲ್‌ವರೆಗೆ ಜಾಸ್ತಿ ಇಡಿ, ಆಮೇಲೆ 400ಕ್ಕೆ ಇಳಿಸಿ ಗಡಿಯಾರ ನೋಡಿ ಹತ್ತು ನಿಮಿಷ. ವಿಷಲ್ ಬರಲಿ, ಬರದಿರಲಿ.

ಕರಾವಳಿ ಕಾವಲಿ (ಉಡುಪಿ)

ಇಲ್ಲ, ನನಗೆ ಇದು ಒಪ್ಪಿಗೆ ಇಲ್ಲ. ವಿಷಲ್ ಬರದಿದ್ದರೆ ಒಳಗೆ ಒತ್ತಡ ಇದೆ ಅಂತ ಗೊತ್ತಾಗುವುದು ಹೇಗೆ? 400ರಲ್ಲಿ ಕೆಲವು ಒಲೆಗಳು ಅಷ್ಟು ಹೊತ್ತು ನಿಂತು ನಿಂತು ಬರುತ್ತವೆ, ಕುಕ್ಕರ್ ತಣ್ಣಗಾಗಿಬಿಡುತ್ತದೆ. ನಾನು 800ರಲ್ಲೇ ಇಟ್ಟು ವಿಷಲ್ ಎಣಿಸುತ್ತೇನೆ, ಬೇಳೆ ಚೆನ್ನಾಗಿಯೇ ಬೇಯುತ್ತದೆ.

ಮೈಸೂರು ಅಡುಗೆಮನೆ (ಮೈಸೂರು)

ಇಬ್ಬರ ಮಾತಲ್ಲೂ ಹುರುಳಿದೆ. ಕುಕ್ಕರ್‌ನ ಕೆಲಸ ಒತ್ತಡದಿಂದ ನೀರು ಕುದಿಯುವ ಬಿಸಿಯನ್ನು 120 ಡಿಗ್ರಿ ಹತ್ತಿರಕ್ಕೆ ಏರಿಸುವುದು. ಆ ಬಿಸಿಯಲ್ಲಿ ಬೇಳೆ ಎಷ್ಟು ಹೊತ್ತು ಇತ್ತು ಅನ್ನುವುದೇ ಲೆಕ್ಕ. ವಿಷಲ್ ಅಂದರೆ ಹೆಚ್ಚಾದ ಆವಿ ಹೊರಗೆ ಹೋಗುವುದು ಅಷ್ಟೇ. ಅದು ಜಾಸ್ತಿ ಬಂದರೆ ಬೇಗ ಬೆಂದಂತೆ ಅಲ್ಲ, ನೀರೂ ಕರೆಂಟೂ ದಂಡ.

ಹಾಗಂತ ಒತ್ತಡ ಬಿದ್ದುಹೋಗಲೂ ಬಾರದು. ಮೊದಲ ವಿಷಲ್ ಆದ ಮೇಲೆ ಇಳಿಸಿ, ವೆಯ್ಟ್ ಹತ್ತಿರ ಕಿವಿ ಕೊಡಿ. ಸುಂಯ್ ಅಂತ ಸಣ್ಣಗೆ ಸದ್ದು ಬರುತ್ತಿದ್ದರೆ, ಆಗಾಗ ಒಂದು ವಿಷಲ್ ಆದರೆ ಒತ್ತಡ ಇದೆ. ಪೂರ್ತಿ ಮೌನವಾದರೆ ಒಂದು ಹೆಜ್ಜೆ ಮೇಲಕ್ಕೆ. ನಿಮ್ಮ ಒಲೆಗೆ ಅದು 400 ಇರಬಹುದು, 600 ಇರಬಹುದು. ಬೇಳೆಯನ್ನು ಕುಕ್ಕರ್‌ನ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ನೊರೆ ಬಂದು ವೆಯ್ಟ್‌ನ ತೂತು ಕಟ್ಟಿಕೊಳ್ಳುತ್ತದೆ. ಅರ್ಧ ಗಂಟೆ ನೆನೆಸಿಟ್ಟರೆ ಇನ್ನೂ ಸುಲಭ. ಆಫ್ ಮಾಡಿದ ಮೇಲೆ ವೆಯ್ಟ್ ಎತ್ತಬೇಡಿ, ತಾನಾಗಿ ಇಳಿಯಲಿ. ಆಗಲೂ ಒಳಗೆ ಬೇಯುತ್ತಲೇ ಇರುತ್ತದೆ.

ಮಂಡ್ಯ ಮುದ್ದೆ (ಮಂಡ್ಯ)

ಒಪ್ಪಿದೆ. ಮುದ್ದೆ ಬಗ್ಗೆಯೂ ಬರೆಯುತ್ತೇನೆ, ಅದು ಇಂಡಕ್ಷನ್‌ನಲ್ಲಿ ಆಗುವುದಿಲ್ಲ ಅನ್ನುವವರು ಬಹಳ ಜನ.

ಆಗುತ್ತದೆ. ನೀರು 2000ದಲ್ಲಿ ಮಳ್ಳಿಸಿ. ಉಪ್ಪು, ಒಂದು ಚಮಚ ರಾಗಿ ಹಿಟ್ಟು ಕದಡಿ ಹಾಕಿ. ಚೆನ್ನಾಗಿ ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ, ಕದಡಬೇಡಿ. ಈಗ 600ಕ್ಕೆ ಇಳಿಸಿ. ನೀರು ಗುಡ್ಡೆಯ ಸುತ್ತ ಕುದಿದು ಮೇಲೆ ಉಕ್ಕಬೇಕು, ಹಿಟ್ಟು ಆ ಬಿಸಿಯಲ್ಲೇ ಬೇಯಬೇಕು. ಐದಾರು ನಿಮಿಷ ಆದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ ಕೋಲಿನಿಂದ ತೊಳಸಿ. ಗಾಜಿನ ಮೇಲೆ ಇಟ್ಟುಕೊಂಡೇ ತೊಳಸಬೇಡಿ, ಆ ಬಲಕ್ಕೆ ಗಾಜು ಒಡೆಯಬಹುದು. ಗಂಟಿಲ್ಲದೆ ಕೂಡಿದ ಮೇಲೆ ಮತ್ತೆ ಒಲೆಗೆ ಇಟ್ಟು, ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ, 400ರಲ್ಲಿ ಎರಡು ಮೂರು ನಿಮಿಷ. ಈ ಕೊನೆಯ ಬೇವು ತಪ್ಪಿದರೆ ಹಸಿ ವಾಸನೆ ಉಳಿಯುತ್ತದೆ.

ಧಾರವಾಡ ರೊಟ್ಟಿ (ಧಾರವಾಡ)

ಜೋಳದ ರೊಟ್ಟಿಗೆ ಉರಿ ಜೋರಾಗಿಯೇ ಇರಬೇಕು. ಹಂಚು ಚೆನ್ನಾಗಿ ಕಾದ ಮೇಲೆ ರೊಟ್ಟಿ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ. ಆ ನೀರು ಆರುತ್ತಾ ಬಂದಾಗ ತಿರುವಿ ಹಾಕಿ. ಉರಿ ಸಣ್ಣದಾದರೆ ರೊಟ್ಟಿ ಒಣಗುತ್ತದೆ, ಬಿರಿಯುತ್ತದೆ, ಉಬ್ಬುವುದಿಲ್ಲ. ಒಳಗಿನ ನೀರು ಒಮ್ಮೆಲೇ ಆವಿಯಾದರೆ ತಾನೇ ಎರಡು ಪದರ ಬಿಡುವುದು. ನಾನು ಇಂಡಕ್ಷನ್‌ನಲ್ಲಿ ಮೊದಲು ಸಣ್ಣಗೆ ಹಂಚು ಕಾಯಿಸಿ, ರೊಟ್ಟಿ ಬಿದ್ದ ಮೇಲೆ 1400ರಲ್ಲಿ ಮಾಡುತ್ತೇನೆ. ಕೊನೆಗೆ ಉರಿಗೆ ಹಿಡಿಯುವುದು ಇಲ್ಲಿ ಸಾಧ್ಯವಿಲ್ಲ. ಅದರ ಬದಲು ಮಡಚಿದ ಬಟ್ಟೆಯಿಂದ ಅಂಚನ್ನು ಒತ್ತುತ್ತಾ ಬನ್ನಿ, ಆವಿ ನಡುವೆ ಸೇರಿ ಉಬ್ಬುತ್ತದೆ. ಗ್ಯಾಸ್ ರೊಟ್ಟಿಯ ಸುಟ್ಟ ಪರಿಮಳ ಮಾತ್ರ ಬರುವುದಿಲ್ಲ. ಅದು ಬೇಕಾದವರು ಗ್ಯಾಸ್ ಇಟ್ಟುಕೊಳ್ಳಲೇಬೇಕು.

ಮೈಸೂರು ಅಡುಗೆಮನೆ (ಮೈಸೂರು)

ಅಕ್ಕಿ ರೊಟ್ಟಿ ಕೇಳಿದ್ದಿರಿ. ಅದರ ದಾರಿ ಜೋಳದ ರೊಟ್ಟಿಗೆ ಪೂರ್ತಿ ಉಲ್ಟಾ. ತಣ್ಣಗಿನ ಬಾಣಲೆಗೆ ಎಣ್ಣೆ ಸವರಿ, ಹಿಟ್ಟು ತಟ್ಟಿ, ಆಮೇಲೆ ಒಲೆಗೆ ಇಡುವುದು. ಇಂಡಕ್ಷನ್‌ಗೆ ಗುಂಡು ಬಾಣಲೆ ಆಗದು, ಚಪ್ಪಟೆ ತಳದ ಕಬ್ಬಿಣದ ತವಾ ಬೇಕು. ಅಯಸ್ಕಾಂತ ಅಂಟದ ಪಾತ್ರೆಯೂ ಆಗದು. ತಟ್ಟಿದ ಮೇಲೆ 800ಕ್ಕೆ ಇಡಿ, ತೂತುಗಳಿಗೆ ಎಣ್ಣೆ ಬಿಡಿ, ಮುಚ್ಚಿ. ಆವಿಯಲ್ಲಿ ಮೇಲ್ಭಾಗ ಬೆಂದು ಬಣ್ಣ ಬದಲಾದ ಮೇಲೆ ಮುಚ್ಚಳ ತೆಗೆದು 1000ಕ್ಕೆ ಏರಿಸಿ, ತಳ ಗರಿಯಾಗುವವರೆಗೆ.

ಎರಡನೆಯ ರೊಟ್ಟಿಗೆ ತವಾ ಬಿಸಿ ಇರುತ್ತದಲ್ಲ, ಅದೇ ಕಷ್ಟ. ಎರಡು ತವಾ ಇಟ್ಟುಕೊಂಡು ಒಂದು ಆರುವಾಗ ಇನ್ನೊಂದು ಬಳಸಿ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಸುರಿಯಬೇಡಿ, ಸೀಳುತ್ತದೆ. ಒಂದೇ ತವಾ ಇದ್ದರೆ ಬಾಳೆ ಎಲೆಯ ಮೇಲೆ ತಟ್ಟಿ, ಎಲೆಯ ಸಮೇತ ಮಗುಚಿ ಹಾಕಿ, ಎಲೆ ಬಾಡಿದಾಗ ಎಳೆಯಿರಿ. ಅತ್ತೆಯವರಿಗೆ ಅವರೆಕಾಳೋ ಸಬ್ಬಸಿಗೆ ಸೊಪ್ಪೋ ಹಾಕಿ ಮಾಡಿಕೊಡಿ.

ಪೀಜಿ ಹುಡುಗ (ಬೆಂಗಳೂರು)

ಸಾಕೆಟ್ ವಿಷಯ ಮಾಲೀಕರಿಗೆ ಹೇಳಿದ್ದೇನೆ, ಧನ್ಯವಾದ ಅಣ್ಣ. ಮಜ್ಜಿಗೆ ಹುಳಿ ಒಡೆಯುವುದಕ್ಕೂ ಉರಿಯೇ ಕಾರಣವಾ?

ಮೈಸೂರು ಅಡುಗೆಮನೆ (ಮೈಸೂರು)

ಹೌದಪ್ಪ. ತರಕಾರಿ, ರುಬ್ಬಿದ ಮಸಾಲೆ ಚೆನ್ನಾಗಿ ಕುದಿದು ಮುಗಿದ ಮೇಲೆ ಕಡಿಮೆ ಮಾಡಿ, ಕಡೆದ ಮೊಸರು ಹಾಕಿ, ಒಂದೇ ಕಡೆಗೆ ಕದಡುತ್ತಾ ಇರು. ಅಂಚಿನಲ್ಲಿ ನೊರೆ ಏಳುತ್ತಿದ್ದಂತೆ ಆಫ್. ಕುದಿಯಲು ಬಿಟ್ಟರೆ ಮೊಸರು ಒಡೆದು ನೀರೇ ಬೇರೆ ಆಗುತ್ತದೆ. ರುಬ್ಬುವಾಗ ನೆನೆಸಿದ ಕಡಲೆಬೇಳೆ ಸೇರಿಸಿದರೆ ಸ್ವಲ್ಪ ತಡೆದುಕೊಳ್ಳುತ್ತದೆ. ತೆಂಗಿನ ಹಾಲು ಹಾಕುವ ಅಡುಗೆಗೂ ಇದೇ ಎಚ್ಚರ.

ಮ್ಯೂನಿಕ್ ಕನ್ನಡತಿ (ಜರ್ಮನಿ)

ಕೊನೆಯದಾಗಿ ನನ್ನದೂ ಒಂದು. ದೀಪಾವಳಿಗೆ ಮೈಸೂರು ಪಾಕ್ ಮಾಡಬೇಕು. ಒಂದು ಒಲೆಯಲ್ಲಿ ಪಾಕ, ಇನ್ನೊಂದರಲ್ಲಿ ತುಪ್ಪ ಬಿಸಿ ಇರಬೇಕು ಅಂತ ಅಮ್ಮ ಹೇಳುತ್ತಾರೆ. 1ರಿಂದ 9ರಲ್ಲಿ ಯಾವುದಕ್ಕೆ ಎಷ್ಟು?

ಮೈಸೂರು ಅಡುಗೆಮನೆ (ಮೈಸೂರು)

ಅಮ್ಮ ಹೇಳಿದ್ದು ಸರಿ. ತುಪ್ಪ ಬಿಸಿಯಾಗಿ ಬಿದ್ದರೆ ಮಾತ್ರ ನೊರೆ ಎದ್ದು ಗೂಡು ಗೂಡಾಗುತ್ತದೆ. ತುಪ್ಪ ಮೊದಲು ಕಾಯಿಸಿ, 3ರಲ್ಲಿ ಹಿಡಿದಿಡಿ. ಹೊಗೆ ಬರಬಾರದು. ಸಕ್ಕರೆ, ನೀರು 5ರಲ್ಲಿ ಇಟ್ಟು ಒಂದೆಳೆ ಪಾಕ ಬರಿಸಿ. ಥರ್ಮಾಮೀಟರ್ ಇದ್ದರೆ 105 ಡಿಗ್ರಿ ಆಸುಪಾಸು. ಆಗ 4ಕ್ಕೆ ಇಳಿಸಿ ಜರಡಿ ಹಿಡಿದ ಕಡಲೆ ಹಿಟ್ಟನ್ನು ಉದುರಿಸುತ್ತಾ ಕೈಯಾಡಿಸಿ. ನಿಮ್ಮ ಒಲೆ ನಿಧಾನಕ್ಕೆ ಇಳಿಯುವುದರಿಂದ ಪಾಕ ಬರುವ ಸ್ವಲ್ಪ ಮೊದಲೇ ಇಳಿಸಬೇಕು. ತುಪ್ಪ ಒಂದೊಂದು ಸೌಟು, ಹೀರಿಕೊಂಡ ಮೇಲೆ ಇನ್ನೊಂದು. ಹಿಟ್ಟು ಬಾಣಲೆ ಬಿಟ್ಟು, ಹೀರಿದ ತುಪ್ಪ ಮತ್ತೆ ಹೊರಗೆ ಬರಲು ಶುರುವಾದಾಗ ತಡಮಾಡದೆ ತಟ್ಟೆಗೆ ಸುರಿಯಿರಿ. ಕಾದ ಒಲೆಯ ಮೇಲೇ ಬಾಣಲೆ ಬಿಡಬೇಡಿ. ಅಲ್ಲಿ ಉಳಿದ ಬಿಸಿಗೆ ಅರ್ಧ ನಿಮಿಷದಲ್ಲಿ ಗಟ್ಟಿಯಾಗಿಬಿಡುತ್ತದೆ. ಬಿಸಿ ಇರುವಾಗಲೇ ಗೆರೆ ಎಳೆದಿಡಿ, ಆರಿದ ಮೇಲೆ ಕತ್ತರಿಸಲು ಹೋದರೆ ಪುಡಿಯಾಗುತ್ತದೆ.